ಪೆನ್ಸಿಲಿನಲ್ಲಿ ಬರೆದದ್ದು

ತಮ್ಮಾ,

ಮೊದಲು ಈ ಕಾಲುಚೀಲ ಹಾಕಿಕೋ, ಆಮೇಲೆ ಓದು. ಕಾಗದವನ್ನು ಅಂಚೆಯವರು ಒಡೆದು ನೋಡುತ್ತಾರೆಂದು ಅದರೊಳಗೆ ತುರುಕಿದ್ದೇನೆ. ಅಮ್ಮನ ಮಂಡಿನೋವು ಹಾಗೇ ಇದೆ.

ನಿಮ್ಮ ತುಕಡಿ ನದಿ ದಾಟಿತೆಂದು ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮನೆಯಲ್ಲಿ ಹೇಳಿರಲಿಲ್ಲ, ನನ್ನ ಕೆಲಸ ವಿಮಾನದಿಂದ ತೆಗೆದ ಫೋಟೊಗಳನ್ನು ಭೂತಗನ್ನಡಿ ಹಿಡಿದು ನೋಡುವುದು. ಕಣ್ಣಿಗೆ ಕಂಡದ್ದನ್ನು ಶಾಯಿಯಲ್ಲಿ ಬರೆಯುತ್ತೇವೆ, ಊಹೆಯನ್ನು ಪೆನ್ಸಿಲಿನಲ್ಲಿ. ನಮ್ಮ ಕೋಣೆಯವರಿಗೆಲ್ಲ ಇದು ಗೊತ್ತು. ಅದಕ್ಕೇ 'ಇರಬಹುದು' ಎಂದು ಯಾರೂ ಸೇರಿಸುವುದಿಲ್ಲ.

ನದಿಯಾಚೆ, ಇಟ್ಟಿಗೆ ಗೂಡಿನ ಹಿಂದೆ, ಉದ್ದನೆಯ ತಗಡಿನ ಶೆಡ್ಡೊಂದಿದೆ. ಅದರ ಪಕ್ಕ ಶಾಯಿಯಲ್ಲಿ 'ನಲವತ್ತು ಪೀಪಾಯಿ' ಎಂದು ಬರೆದೆ. ಪೆನ್ಸಿಲಿನಲ್ಲಿ 'ವಿಷಾನಿಲದ ದಾಸ್ತಾನು' ಎಂದೆ. ಟೈಪು ಮಾಡಿದವಳು ಬೇರೆ ಕೋಣೆಯವಳು. ಅವಳ ಹಾಳೆಯಲ್ಲಿ ಎರಡೂ ಒಂದೇ ಕಪ್ಪು. ಮರುವಾರ ಮಂತ್ರಿಗಳು ರೇಡಿಯೊದಲ್ಲಿ ನನ್ನ ಸಾಲನ್ನೇ ಓದಿ ಯುದ್ಧ ಸಾರಿದರು. ಸಾಹೇಬರ ಹತ್ತಿರ ಓಡಿದೆ. "ಈಗ ಬಾಯಿ ಬಿಟ್ಟರೆ ಇಬ್ಬರೂ ಮನೆಗೆ ಹೋಗ್ಬೇಕಾಗತ್ತಮ್ಮ," ಎಂದರು. ಬಾಯಿ ಮುಚ್ಚಿಕೊಂಡೆ.

ಇನ್ನೊಂದು ಸಾಲಿತ್ತು. ಶೆಡ್ಡಿನ ಮುಂದೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು, ಎಲ್ಲವೂ ಪುಟ್ಟಪುಟ್ಟವು. ಅದನ್ನೂ ಬರೆದಿದ್ದೆ. "ಬಟ್ಟೆ ಒಣಗೋದೆಲ್ಲ ಯಾಕೆ ಇಲ್ಲಿ?" ಎಂದು ಸಾಹೇಬರು ಗೀಟೆಳೆದು ಹೊಡೆದುಹಾಕಿದರು. ನಿನ್ನೆಯ ಫೋಟೊದಲ್ಲೂ ಹಗ್ಗ ತುಂಬ ಬಟ್ಟೆಯಿದೆ.

ಆ ಶೆಡ್ಡು ನಿಮ್ಮ ಪಾಲಿಗೇ ಬಂದರೆ, ಗುಂಡು ಹಾರಿಸುವ ಮುಂಚೆ ಹಗ್ಗದ ಕಡೆ ನೋಡು. ಜೊತೆಯವರಿಗೂ ತೋರಿಸು. ಓದಿದ ಮೇಲೆ ಕಾಗದ ಸುಟ್ಟುಬಿಡು.

ಈ ಸಲ ಶಾಯಿಯಲ್ಲೇ ಬರೆಯುತ್ತಿದ್ದೇನೆ ಕಣೋ: ಅಲ್ಲಿ ಮಕ್ಕಳಿದ್ದಾರೆ.

ನಿನ್ನ ದಾರಿ ಕಾಯುತ್ತಿರುವ
ಅಕ್ಕ