ಬಾಣಂತಿಯ ಮುಖ ಕೇಳುವ ಫೋನು

ಕೂಸುಗಳ ಹಿಟ್ಟಿಗೆ ಅಪ್ಪಣೆ ಕೊಡುವ ಅಧಿಕಾರಿಗಳೇ, ಮಾನ್ಯರೇ,

ಈ ಪತ್ರವನ್ನು ನಾನು ಹೌಸಿಗೆ, ಶೋಕಿಗೆ ಬರೆಯುತ್ತಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಕೈಗೆ ಪೆನ್ನು ಕೊಟ್ಟವರು ನಿಮ್ಮ ಕಚೇರಿಯವರು. ಬಾಯಿಂದ ಹೇಳಿದ್ದು ಅವರಿಗೆ ಕೇಳಿಸುವುದಿಲ್ಲವಂತೆ, ಬರೆದು ಕೊಡಿ ಎಂದರು. ಕೊಟ್ಟೆ. ಅದು ಎಲ್ಲಿ ಹೋಯಿತೆಂದು ಕೇಳಿದರೆ ಇನ್ನೊಮ್ಮೆ ಬರೆದು ಕೊಡಿ ಎಂದರು. ಅದಕ್ಕೇ ಈ ಸಲ ಸುದ್ದಿ ಪೇಪರಿಗೆ ಬರೆದಿದ್ದೇನೆ. ಇದನ್ನು ಹೇಗೆ ಕಳೆಯುತ್ತೀರೋ ನೋಡುತ್ತೇನೆ.

ನನ್ನ ಮೊಮ್ಮಗಳು ದೀಪಿಕಾಳಿಗೆ ಇನ್ನೂ ಒಂದೂವರೆ ವರ್ಷ ತುಂಬಿಲ್ಲ. ದಸರೆಯಿಂದ ಇತ್ತ ಅವಳಿಗೆ ಅಂಗನವಾಡಿಯ ಹಿಟ್ಟು ಸಿಕ್ಕಿಲ್ಲ. ಕಾರಣವೇನೆಂದರೆ, ಅವಳ ತಾಯಿ, ಅಂದರೆ ನನ್ನ ಸೊಸೆ ನಿರ್ಮಲಾಳ ಗುರುತು ನಿಮ್ಮ ಫೋನಿಗೆ ಸಿಗುತ್ತಿಲ್ಲ. ಮೊದಲೂ ಅಂಗನವಾಡಿಯ ಸಾಜಿಯಾ ಅಕ್ಕಾರು ಮುಖ ನೋಡಿಯೇ ಹಿಟ್ಟು ಕೊಡುತ್ತಿದ್ದರು. ಈಗ ದಿಲ್ಲಿಯಿಂದ ಬಂದ ಸುಧಾರಣೆ ಏನೆಂದರೆ, ನೋಡುವವರು ಅಕ್ಕಾರಲ್ಲ, ಫೋನು. ಮೊದಲು ತೆಗೆದ ಫೋಟೋಕ್ಕೆ ಮುಖ ಹೊಂದಿದರೆ ಮಾತ್ರ ಅದು ಹಿಟ್ಟಿಗೆ ಒಪ್ಪುತ್ತದೆ. ಕಳ್ಳತನ ತಡೆಯಲಿಕ್ಕೆ ಎನ್ನುತ್ತೀರಿ. ತಡೆಯಿರಿ, ಬೇಡ ಎಂದವರು ಯಾರು? ಆದರೆ ನಮ್ಮ ಓಣಿಯಲ್ಲಿ ಒಂದು ಕೂಸು ಹಸಿದರೆ, ನಿಮ್ಮ ಲೆಕ್ಕದಲ್ಲಿ ಒಬ್ಬ ಕಳ್ಳ ಸಿಕ್ಕಂತೆಯೇ?

ನಡೆದದ್ದು ಇಷ್ಟು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ನಮ್ಮ ಪದ್ಧತಿ. ನಿರ್ಮಲಾಳ ತವರು ರಾಣೇಬೆನ್ನೂರಿನ ಕಡೆ. ಅಲ್ಲಿಯ ಅಂಗನವಾಡಿಯವರು ಫೋಟೋ ತೆಗೆಯಲು ಬಂದಾಗ ಅವಳು ಹಸಿ ಬಾಣಂತಿ. ತಲೆಗೆ, ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿತ್ತು. ಬಿಚ್ಚಲು ಹೇಳಿದರೆ ಬೀಗತಿ ಬಿಡಲಿಲ್ಲ. "ಥಂಡಿ ಹೊಕ್ಕರ ನಿಮ್ಮ ಫೋನು ಬಂದು ಔಷಧ ಕುಡಸತೈತೇನ್ರಿ?" ಎಂದಳು. ತಪ್ಪೇನಿದೆ? ಯಾವ ತಾಯಿ ಬಿಟ್ಟಾಳು? ಹಾಗೆಯೇ ಫೋಟೋ ತೆಗೆದರು. ಅಂಟಿನುಂಡಿ, ತುಪ್ಪ ತಿಂದು ಗಲ್ಲ ತುಂಬಿಕೊಂಡಿದ್ದ ಮುಖ ಅದು.

ಈಗ ಅವಳು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬರುವಾಗ ಕಣ್ಣು ಕೆಂಡ, ಮುಖ ಬಾತುಕೊಂಡಿರುತ್ತದೆ. ಹಿಟ್ಟಿಗೆ ಹೋಗಿ ನಿಂತರೆ ಫೋನು ಕಣ್ಣು ಮಿಟುಕಿಸು ಎನ್ನುತ್ತದೆ.

"ಅಕ್ಕಾರ, ಮುಂಜಾನಿಂದ ಅದನ್ನ ಮಾಡಾಕತ್ತೇನ್ರಿ. ಇನ್ನೆಷ್ಟು ಮಿಟುಕಸಬೇಕಂತ ಇದಕ್ಕ?"

"ಹೊಂದವಲ್ದು ನಿರ್ಮಲಾ. ನೀ ಯಾರಂತ ನನಗ ಗೊತ್ತೈತಿ ತಂಗಿ, ಇದಕ್ಕ ಗೊತ್ತಿಲ್ಲ."

ಹೊಸ ಫೋಟೋ ತೆಗೆಯಬೇಕೆಂದರೆ ತವರಿನ ಅಂಗನವಾಡಿಯವರು ತಮ್ಮ ಪಟ್ಟಿಯಲ್ಲಿರುವ ಅವಳ ಹೆಸರು ನಮ್ಮ ಊರಿಗೆ ಬಿಟ್ಟುಕೊಡಬೇಕು. ಬಿಟ್ಟುಕೊಡಬೇಕೆಂದರೆ ಹಳೆಯ ಫೋಟೋಕ್ಕೆ ಮುಖ ಹೊಂದಬೇಕು. ಈ ನಿಯಮ ಬರೆದ ಪುಣ್ಯಾತ್ಮ ಎಂದಾದರೂ ಕೂಸನ್ನು ಎತ್ತಿಕೊಂಡಿದ್ದಾನೆಯೇ? ಇದನ್ನೇ ನಿಮ್ಮ ಕಚೇರಿಯಲ್ಲಿ ಕೇಳಿದೆ. ಕುರ್ಚಿಯಲ್ಲಿದ್ದವನು ನಕ್ಕ.

"ಹಂಗಾರ ಮತ್ತೊಮ್ಮೆ ಬಾಣಂತಿ ಮಾಡಿ ನಿಲ್ಲಸ್ರಿ ಅಜ್ಜಿ, ಗುರುತು ಹಿಡಿತೈತಿ."

ಅವನಿಗೆ ಅದು ಚೇಷ್ಟೆ. ನಾನು ಖರೇ ಮಾಡಿದೆ. ಕೆಲಸ ಬಿಡಿಸಿ ಸೊಸೆಯನ್ನು ಕೂರಿಸಿದೆ, ತಲೆಗೆ ಬಟ್ಟೆ ಕಟ್ಟಿದೆ, ಕಾಡಿಗೆ ಹಚ್ಚಿದೆ. ಆ ಬಿಸಿಲಲ್ಲಿ ಬೆವರು ಸುರಿಸುತ್ತ ಅವಳು ಅಂಗನವಾಡಿಗೆ ನಡೆದಳು. ಓಣಿಯ ಹೆಂಗಸರು "ಏನ ನಿರ್ಮಲಾ, ಎರಡನೇದ್ದು ಯಾವಾಗ ಆತವಾ?" ಎಂದು ಕಾಡಿದರು. ಅವಳೂ ನಕ್ಕಳು. ಫೋನು ಮಾತ್ರ ಒಪ್ಪಲಿಲ್ಲ. ಸಾಜಿಯಾ ಅಕ್ಕಾರು ನನಗೆ ಹಳೆಯ ಫೋಟೋ ತೋರಿಸಿದರು. "ಗಲ್ಲ ನೋಡ್ರಿ ಗದಿಗೆವ್ವ. ಆ ಗಲ್ಲ ಈಗ ಎಲ್ಲಿ ಐತ್ರಿ?" ಎಂದರು. ಆಮೇಲೆ ಯಾರೂ ನಗಲಿಲ್ಲ. ನಿಮ್ಮ ಫೋನಿಗೆ ಉಂಡ ಹೆಂಗಸಿನ ಮುಖ ಬೇಕಾಗಿದೆ, ಸ್ವಾಮಿ. ಉಣ್ಣದೆ ಮುಖ ಇಳಿದವಳಿಗೆ ಹಿಟ್ಟು ಇಲ್ಲ.

ಅವತ್ತೇ ಅಕ್ಕಾರು ದೀಪಿಕಾಳ ತೋಳಿಗೆ, ಕೂಸು ಎಷ್ಟು ಸೊರಗಿದೆಯೆಂದು ಬಣ್ಣದಲ್ಲಿ ತೋರಿಸುವ ಅಳತೆಯ ಪಟ್ಟಿ ಸುತ್ತಿದರು. ದಸರೆಯಲ್ಲಿ ಹಸಿರಿನಲ್ಲಿ ನಿಂತಿದ್ದ ತೋಳು ಕೆಂಪಿಗೆ ಇಳಿದಿತ್ತು. ಅವರು ಪಟ್ಟಿ ಬಿಚ್ಚಿ, ಮತ್ತೆ ಸುತ್ತಿದರು. ಮತ್ತೆ ಕೆಂಪು. ಕೂಸು ಅಳಲೂ ಇಲ್ಲ, ಸುಮ್ಮನೆ ನೋಡುತ್ತಿತ್ತು. ಅತ್ತಿದ್ದರೆ ಚೆನ್ನಾಗಿತ್ತು.

ಈಗ ತಾಯಿ ಮಗಳು ಹಾವೇರಿಯ ದವಾಖಾನೆಯಲ್ಲಿದ್ದಾರೆ. ಅಲ್ಲಿ ಹೊತ್ತು ಹೊತ್ತಿಗೆ ಹಾಲು, ಗಂಜಿ ಕೊಡುತ್ತಾರೆ. ಯಾರೂ ಕಣ್ಣು ಮಿಟುಕಿಸು ಎನ್ನುವುದಿಲ್ಲ. ಬಿದ್ದ ಕೂಸನ್ನು ಎತ್ತಲು ವಾರ್ಡು ಕಟ್ಟಿದ್ದೀರಿ, ಸಂತೋಷ. ಬೀಳುವ ಮೊದಲೇ ಒಂದು ಹಿಡಿ ಹಿಟ್ಟು ಕೊಡಲು ನಿಮಗೇನು ಧಾಡಿಯಾಗಿತ್ತು? ಅಲ್ಲಿಂದ ಬಂದ ಮೇಲೆ ಅದೇ ಅಂಗನವಾಡಿ, ಅದೇ ಫೋನು. ಮತ್ತೆ ಕೆಂಪಿಗೆ ಇಳಿಯಲಿ ಎಂದು ಕಾಯಬೇಕೇ?

ನಾನು ದಾನ ಕೇಳುತ್ತಿಲ್ಲ. ನಿರ್ಮಲಾಳ ಈಗಿನ ಮುಖದ ಫೋಟೋ ತೆಗೆಯಲು ಸಾಜಿಯಾ ಅಕ್ಕಾರಿಗೆ ಅಧಿಕಾರ ಕೊಡಿ. ಫೋನು ಒಪ್ಪುವವರೆಗೆ ಅಕ್ಕಾರು ಗುರುತಿಸಿದರೆ ಹಿಟ್ಟು ಕೊಡಬೇಕೆಂದು ಆದೇಶ ಮಾಡಿ. ದಿಲ್ಲಿಯನ್ನು ಕೇಳಬೇಕು ಎನ್ನುವುದಾದರೆ ಕೇಳಿ, ನಿಮ್ಮ ಹತ್ತಿರವೂ ಫೋನಿದೆ.

ಕೂಸು ಮಾರ್ಚ್ ಹತ್ತಕ್ಕೆ ಮನೆಗೆ ಬರುತ್ತದೆ. ಒಂಬತ್ತನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.

ಇಂತಿ,
ಇನ್ನೊಮ್ಮೆ ಬರೆದು ಕೊಡಲಾರದ
ಗದಿಗೆವ್ವ, ದೀಪಿಕಾಳ ಅಜ್ಜಿ
ಬ್ಯಾಡಗಿ ತಾಲ್ಲೂಕು