ಇಳಿಯದ ನೂಲಿನ ದರ

ಇಳಕಲ್, ೧೪ ನವೆಂಬರ್ ೨೦೨೫, ಶುಕ್ರವಾರ

ದೀಪಾವಳಿ ಕಳೆದರೆ ರೇಷ್ಮೆ ನೂಲು ಅಗ್ಗವಾಗುತ್ತದೆ ಎಂದು ನೇಕಾರರ ವಾಟ್ಸಾಪ್ ಗುಂಪಿನಲ್ಲಿ ಸಾರಿದವನು ಅಂದಾನಪ್ಪ. ಕೊಳ್ಳದೆ ಕಾದೆ; ತುಟ್ಟಿಯಾಯಿತು. ಸೀರೆಯ ಒಡಲಿನ ಹಾಸಿನ ಎಳೆಗಳು ಮಗ್ಗದ ಮೇಲಿವೆ, ಸೆರಗಿಗೆ ಜೋಡಿಸಲು ಕೆಂಪು ರೇಷ್ಮೆ ಇಲ್ಲ. ಅವನಿಗೂ ನೂಲಿನ ವ್ಯಾಪಾರಿಗಳಿಗೂ ಏನೋ ನಂಟಿರಬೇಕು. ಇಂದು ಹುಡುಕಿದರೆ ಆ ಸಂದೇಶವನ್ನೇ ಅಳಿಸಿದ್ದಾನೆ. ಕೇಳಿದ್ದಕ್ಕೆ, "ಅರ್ಥಶಾಸ್ತ್ರ ನಿನಗೇನ್ ತಿಳೀತೈತಲೇ" ಎಂದು ಬರೆದ. ಹದಿನೇಳು ಮಂದಿ ಅದಕ್ಕೂ ಲೈಕ್ ಒತ್ತಿದರು.

ಹೆಂಡತಿ ಕೇಳಿದಳು: "ನೂಲು ಇಳೀತೈತಿ ಅಂತ ನೀವೂ ಅಂದಿದ್ರಲ್ಲರಿ?"

"ನಾ ಯಾವಾಗ ಅಂದೇನಿ?" ಎಂದು ರೇಗಿದೆ.

ಈಗ ಇದೇ ದಿನಚರಿಯ ಸೆಪ್ಟೆಂಬರ್ ಪುಟ ತೆರೆದರೆ ನನ್ನದೇ ಅಕ್ಷರ: 'ನೂಲು ಇಳಿಯುವುದು ಖಾತ್ರಿ, ಕಾಯಬೇಕು.' ಅಂದಾನಪ್ಪ ಸಾರುವುದಕ್ಕೆ ನಾಲ್ಕು ದಿನ ಮೊದಲಿನದು.

ಈ ಪುಸ್ತಕವನ್ನು ಬೇರೆ ಯಾರೂ ಓದುವುದಿಲ್ಲ. ಆದರೂ ಎಡಗೈ ಆ ಪುಟದ ಮೂಲೆಯನ್ನು ಹರಿಯುವ ಹಾಗೆ ಹಿಡಿದೇ ಇದೆ.