ತೂಬಿನ ಮೇಲಿನ ಬೆರಳಗುರುತು

ದೊಡ್ಡಪ್ಪ,

ಕೆರೆಯ ತೂಬು ಮುಚ್ಚಿದ ಮೇಲೆ ನೀವು ಬಾಗಿಲ ಸಂದಿಗೆ ಜೇಡಿಮಣ್ಣು ಮೆತ್ತಿ, ಹಸಿ ಇರುವಾಗಲೇ ಮೂರು ಬೆರಳು ಒತ್ತುತ್ತಿದ್ದಿರಿ. ಯಾರಾದರೂ ಕದ್ದು ನೀರು ಬಿಟ್ಟರೆ ಗುರುತು ಕೆಡಬೇಕು. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನಿಮ್ಮನ್ನು ಅನುಮಾನದ ನೀರಗಂಟಿ ಎಂದು ಊರು ನಗುತ್ತಿತ್ತು. ಆ ಗುಣ ನನಗೂ ಬಂದಿದೆ. ಈ ಬೇಸಿಗೆಯಲ್ಲಿ ಅದರಿಂದ ಒಂದು ತಪ್ಪೂ ಆಯಿತು.

ನೀವು ತೀರಿಹೋದ ಮರುವರ್ಷ ನಮ್ಮ ಮೂವತ್ತು ಮನೆಯ ಹಳ್ಳಿಗೆ ಉದ್ಯಾನ ಬಂತು. ಕೆರೆಯ ಸುತ್ತ ನಡೆಯುವ ದಾರಿ, ಜಾರುಬಂಡೆ, ನಾಲ್ಕು ಪೆಡಲ್ ದೋಣಿ. ಭಾನುವಾರ ಹರಿಹರದ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ನಿಮ್ಮ ಮಗ ಬಸಣ್ಣ ಅಲ್ಲಿ ಕಾವಲುಗಾರ. ಖಾಕಿ ಅಂಗಿ, ಕೊರಳಲ್ಲಿ ಪೀಪಿ. ನೀರಗಂಟಿಕೆಯೂ ಅವನದೇ. ದೋಣಿಗೂ ನೀರು ಬೇಕು, ಕೆಳಗಿನ ಭತ್ತಕ್ಕೂ ಬೇಕು. ಎರಡೂ ಒಬ್ಬನ ಕೈಯಲ್ಲಿದ್ದರೆ ನೀವಾದರೂ ಏನು ಅಂದುಕೊಳ್ಳುತ್ತಿದ್ದಿರಿ?

ಕಾಲುವೆಯ ಕೊನೆಯ ಗದ್ದೆಗಳು ಬಿರುಕು ಬಿಟ್ಟವೆಂದು ಕೇಳಿ ದಾವಣಗೆರೆಯಿಂದ ಬಂದವಳೇ ತೂಬಿಗೆ ಇಳಿದು ನೋಡಿದೆ. ಮಣ್ಣಿನ ಮೇಲೆ ಗುರುತಿತ್ತು, ಆದರೆ ಸಣ್ಣ ಬೆರಳುಗಳದು. ಬಸಣ್ಣನವು ದಪ್ಪ. ನೀರು ಕೆರೆಯಲ್ಲೇ ನಿಲ್ಲಲೆಂದು ದೋಣಿಯವರು ಯಾರನ್ನೋ ತೂಬಿಗೆ ಇಳಿಸುತ್ತಿದ್ದಾರೆ, ಇವನು ಕಣ್ಣು ಮುಚ್ಚಿಕೊಂಡಿದ್ದಾನೆ... ಊರ ಹಿರಿಯರ ಮುಂದೆ ಹೇಳಿಯೇಬಿಟ್ಟೆ. ನೀರಗಂಟಿಕೆಯನ್ನು ನಿಮ್ಮ ಮನೆಯಿಂದ ತೆಗೆಯುವ ಮಾತು ಅಲ್ಲೇ ಎದ್ದಿತು.

ಸಂಜೆ ನಿಮ್ಮ ಸೊಸೆ ಗೌರಮ್ಮ ಎಮ್ಮೆಗೆ ಹುಲ್ಲು ಹಾಕುತ್ತಾ, ತಲೆ ಎತ್ತದೆ ಹೇಳಿದಳು: "ಆ ಬೆರಳು ನಂದು, ಅಕ್ಕ. ಮಾವಾರಿಗೆ ಮಂಡಿ ನೋವು ಬಂದಾಗಿಂದ ನಾನೇ ಇಳೀತಿದ್ದೆ, ಈಗ್ಲೂ ಇಳೀತೀನಿ, ಊರು ಏಳೋದ್ರೊಳಗೆ. ಅವರು ಏರಿ ಮ್ಯಾಲೆ ಕೂತು, ಯಾರಾದ್ರೂ ಬಂದ್ರೆ ಕೆಮ್ಮತಿದ್ರು. ನಿಮ್ ತಮ್ಮಗೆ ಪೀಪಿ ಊದೋದೊಂದೇ ಬರ್ತೈತಿ."

ಕೊನೆಯ ಗದ್ದೆಗಳಿಗೆ ನೀರು ಯಾಕೆ ಮುಟ್ಟಿಲ್ಲ ಎಂದು ಕೇಳಿದೆ.

"ಪಾರ್ಕಿನ ದಾರಿಗೆ ಮಣ್ಣು ಹಾಕಿದೋರು ಕಾಲುವೆ ಮುಚ್ಯಾರ. ಹೋಗಿ ಹೇಳಿದ್ರೆ, ನೀನ್ಯಾರು ಕೇಳಾಕ ಅಂದ್ರು."

ಹೋಗಿ ನೋಡಿದೆ. ನಿಜವೇ. ಸ್ವಂತ ತಮ್ಮನಾದ ನನ್ನ ಅಪ್ಪನನ್ನೂ ತೂಬಿನ ಹತ್ತಿರ ಬಿಡದ ನೀವು ಅವಳನ್ನು ನಂಬಿದಿರಿ. ಆದರೆ ಆ ಮಾತನ್ನು ಕೆಮ್ಮಿನಲ್ಲೇ ಮುಚ್ಚಿಟ್ಟು ಹೋದಿರಲ್ಲ, ನಾಚಿಕೆಯೆ? ಅಥವಾ ನನ್ನಂಥವರ ಬಾಯಿಗೆ ಹೆದರಿ...

ಮರುದಿನ ಹಿರಿಯರೆದುರು, ತೂಬಿಗೆ ಇಳಿಯುವವಳು ಗೌರಮ್ಮನೇ ಎಂದು ಹೇಳಿ ನನ್ನ ತಪ್ಪು ಒಪ್ಪಿಕೊಂಡೆ. ಹೆಂಗಸು ತೂಬಿಗೆ ಇಳಿಯೋದು ಎಲ್ಲೈತಿ ಎಂದು ಒಬ್ಬರು ಗೊಣಗಿದರು. ಇಷ್ಟು ವರ್ಷ ಅವಳು ಬಿಟ್ಟ ನೀರಲ್ಲೇ ಭತ್ತ ಬೆಳೆದಿರಿ ಎಂದೆ. ಕಾಲುವೆಯ ಮಣ್ಣನ್ನಂತೂ ತೆಗೆಸಿದರು.

ನಿನ್ನೆ ನೀರಿನ ಸರದಿ ಗೊತ್ತುಮಾಡಲು ಹಿರಿಯರು ಮನೆಗೆ ಆಳು ಕಳಿಸಿದ್ದರು. "ನೀರಗಂಟಿ ಬರಬೇಕಂತೆ." ಬಸಣ್ಣ ಎದ್ದು ಅಂಗಿ ತೊಡತೊಡಗಿದ.

"ನೀನಲ್ಲಪ್ಪ," ಎಂದ ಬಂದವನು.